ಐದು ಗಂಟೆ ಐದು ನಿಮಿಷದ ಸಂದೇಶ

ಪಾಲಕರ ಗ್ರೂಪಿಗೆ ಏನನ್ನೇ ಕಳಿಸುವ ಮೊದಲು ನಾನು ಅದನ್ನು ಹಾಳೆಯ ಮೇಲೆ ಬರೆಯುತ್ತಿದ್ದೆ. ಬರೆದು, ದಾಖಲೆಯ ಜೊತೆ ತಾಳೆ ನೋಡಿ, ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಮೊಬೈಲಿಗೆ ಇಳಿಸುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿಕ್ಷಕಿಗೆ ಇದು ತಮಾಷೆ. "ಅಕ್ಕೋರ, ನಾಳೆ ಜಂತಿನ ಗುಳಿಗಿ ಕೊಡ್ತೀವಿ ಅನ್ನಾಕ ಇಷ್ಟ ತ್ರಾಸ ತಗೋತೀರಲ್ರಿ, ಲಗ್ನಪತ್ರಿಕಿ ಬರದಂಗ!" ಎನ್ನುತ್ತಿದ್ದಳು. ನಾನು ನಗುತ್ತಿರಲಿಲ್ಲ. ವಿಜಯಪುರದ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಪ್ರಾರ್ಥನೆ. ಸಾಲಿನಲ್ಲಿ ಎರಡನೆಯವಳು ಮೊದಲನೆಯವಳ ಮುಂದೆ ಬಂದರೆ ಅವತ್ತಿನ ಊಟ ತಡ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನ್ನ ಮೈಯಲ್ಲೇ ಇತ್ತು ಎಂದುಕೊಂಡಿದ್ದೆ.

ತಿಕೋಟಾ ದಾಟಿ ಘೋಣಸಗಿ ಕಡೆ ಹೋಗುವ ರಸ್ತೆಯ ಕ್ರಾಸಿನಿಂದ ಒಳಗೆ ಒಂದು ಹಳ್ಳಿ. ಅಲ್ಲಿಯ ಸರಕಾರಿ ಶಾಲೆಗೆ ನನ್ನ ಸೇವೆಯ ಕೊನೆಯ ಏಳು ವರ್ಷ ನಾನು ಮುಖ್ಯೋಪಾಧ್ಯಾಯಿನಿ. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಊರಿನವರಲ್ಲ, ತೋಟದ ವಸ್ತಿಯವರು. ದ್ರಾಕ್ಷಿ ಬೆಳೆಯುವ ಕುಟುಂಬಗಳು ಊರು ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡಿರುತ್ತವೆ. ಒಂದು ವಸ್ತಿಗೂ ಇನ್ನೊಂದಕ್ಕೂ ಕೂಗಿದರೆ ಕೇಳಿಸದಷ್ಟು ದೂರ. ಹಾಗಾಗಿ ಪಾಲಕರಿಗೆ ಸುದ್ದಿ ಮುಟ್ಟಿಸುವುದೆಂದರೆ ಮೊಬೈಲೇ ಗತಿ.

ಮೊದಲು ಆ ಗ್ರೂಪಿನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಬೆಳಿಗ್ಗೆ ಎದ್ದರೆ ದೇವರ ಫೋಟೋಗಳು, ಒಣದ್ರಾಕ್ಷಿಯ ದರ, ಔಷಧದಂಗಡಿಯ ಜಾಹೀರಾತು. ಒಂದು ಸಲ ಮಕ್ಕಳ ಕಳ್ಳರು ಬಂದಿದ್ದಾರೆಂದು ಎಲ್ಲಿಯದೋ ವಿಡಿಯೋ ಹಾಕಿದರು. ಮರುದಿನ ಶಾಲೆಗೆ ಅರ್ಧ ಮಕ್ಕಳು ಬರಲಿಲ್ಲ. ಅವತ್ತೇ ಗ್ರೂಪನ್ನು ಬಂದ್ ಮಾಡಿ, ನಾನೊಬ್ಬಳೇ ಬರೆಯುವಂತೆ ಮಾಡಿದೆ. ಪಾಲಕರ ಸಭೆ ಕರೆದು ಹೇಳಿದೆ: "ಈ ಗ್ರೂಪಿನಾಗ ಬಂದದ್ದಷ್ಟ ಖರೆ. ಬ್ಯಾರೆ ಕಡೆ ಬಂದದ್ದು ಯಾರೂ ನಂಬಬ್ಯಾಡ್ರಿ." ಒಬ್ಬ ಅಜ್ಜ ರುಮಾಲು ಸರಿಮಾಡಿಕೊಂಡು, "ಆತು ಬಿಡ್ರಿ. ಇನ್ನ ಅಕ್ಕೋರ ಹಾಕಿದ್ರಂದ್ರ ಸರಕಾರದ ಮುದ್ರಿ ಬಿದ್ದಂಗ" ಎಂದ. ನನಗೆ ಹೆಮ್ಮೆಯಾಯಿತು. ಆ ಮಾತು ಹಳ್ಳಿಯಿಂದ ಬೀಗರ ಹಳ್ಳಿಗಳಿಗೂ ಹೋಯಿತು.

ಚಾಟ್ನಿ ಮುಗಿದ ಮೇಲಿನ ದಿನಗಳು ಅವು. ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವುದು; ಆಮೇಲೆ ಹೊಸ ಚಿಗುರು ಬಂದಿರುತ್ತದೆ. ಆಗ ಮಳೆಯಾದರೆ, ಮಳೆ ನಿಂತ ಕೂಡಲೇ ಔಷಧ ಹೊಡೆಯಲೇಬೇಕು. ಒಂದು ದಿನ ತಡವಾದರೂ ಎಲೆಗೆ ರೋಗ ಬೀಳುತ್ತದೆ. ಗಂಡ ಟ್ರ್ಯಾಕ್ಟರ್ ಮೇಲೆ, ಹೆಂಡತಿ ಡ್ರಮ್ಮಿನ ಬಳಿ, ಮೊಬೈಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಶೆಡ್ಡಿನೊಳಗೆ. ಟ್ರ್ಯಾಕ್ಟರಿನ ಗದ್ದಲದಲ್ಲಿ ಆ ಮೊಬೈಲು ಬಾಯಿ ಬಡಿದುಕೊಂಡರೂ ಕೇಳಿಸುವುದಿಲ್ಲ. ಶಾಲೆಗೆ ಪಾಲಕರು ತೀರ ಬೇಕಾಗುವುದು ಮಳೆಯ ದಿನ. ಅದೇ ದಿನ ಅವರು ಯಾರ ಕೈಗೂ ಸಿಗುವುದಿಲ್ಲ.

ಅವತ್ತು ರಾತ್ರಿಯ ಮಳೆ ಬೆಳಿಗ್ಗೆ ನಿಂತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಮತ್ತೆ ಮೋಡ ಕಪ್ಪಾಯಿತು, ಗುಡುಗು ಶುರುವಾಯಿತು. ಸಿಡಿಲಿನ ಮುನ್ಸೂಚನೆ ಇದೆ, ಮಕ್ಕಳನ್ನು ಬೇಗ ಸುರಕ್ಷಿತವಾಗಿ ಮನೆಗೆ ಕಳಿಸಿರಿ ಎಂದು ಮೇಲಿನಿಂದ ಸೂಚನೆ ಬಂತು. ನಾನು ಹಾಳೆಯ ಮೇಲೆ ಬರೆದೆ, ಓದಿದೆ, ಹನ್ನೆರಡು ಐವತ್ತಕ್ಕೆ ಕಳಿಸಿದೆ: "ಇಂದು ಒಂದೂವರೆಗೆ ಶಾಲೆ ಬಿಡಲಾಗುವುದು. ವಸ್ತಿಯ ಮಕ್ಕಳನ್ನು ಪಾಲಕರು ಕ್ರಾಸಿಗೆ ಬಂದು ಕರೆದೊಯ್ಯಬೇಕು." ಯಾರು ಯಾರು ಓದಿದ್ದಾರೆ ಎಂಬ ಪಟ್ಟಿ ಮೊಬೈಲಿನಲ್ಲಿ ಬರುತ್ತದೆ. ಹನ್ನೊಂದು ವಸ್ತಿ ಮಕ್ಕಳಿಗೆ ಹನ್ನೊಂದು ನಂಬರು, ಅಷ್ಟೂ ಓದಿದ್ದವು. ನಾನು ಅಷ್ಟಕ್ಕೇ ನಿಶ್ಚಿಂತಳಾದೆ.

ಮಗುವನ್ನು ಕರೆದೊಯ್ಯುವವರು ಸಹಿ ಮಾಡುವ ಪುಸ್ತಕವೊಂದನ್ನು ನಾನೇ ಇಟ್ಟಿದ್ದೆ. ಮಳೆಯಲ್ಲಿ ತೋಯುತ್ತದೆ ಎಂದು ಅದನ್ನು ಕ್ರಾಸಿಗೆ ಕಳಿಸಲಿಲ್ಲ. ಶಿಕ್ಷಕಿ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋದಳು, ಮುಕ್ಕಾಲು ತಾಸಿಗೆ ತೊಯ್ದು ತೊಪ್ಪೆಯಾಗಿ ತಿರುಗಿ ಬಂದಳು.

"ಎಲ್ಲಾರೂ ಹೋದ್ರೇನು?"

"ಹೋದ್ರರಿ ಅಕ್ಕೋರ."

ಹನ್ನೊಂದು ಗುರುತು ಹಾಕಿದೆ. ಮಳೆ ಹೊಡೆಯುತ್ತಲೇ ಇತ್ತು. ಕರೆಂಟು ಹೋಯಿತು.

ನಾಲ್ಕು ಇಪ್ಪತ್ತಕ್ಕೆ, ದಿನಾ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ಐದನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಬಾಗಿಲಲ್ಲಿ ಬಂದು ನಿಂತಳು. ಮೊಣಕೈವರೆಗೆ ಔಷಧದ ನೀಲಿ. ಮಳೆ ಮತ್ತೆ ನಿಂತಿದ್ದರಿಂದ ಅರ್ಧ ಹೊಡೆದು ಬಂದಿದ್ದಳಂತೆ.

"ಅಕ್ಕೋರ, ಇನ್ನೂ ಸಾಲಿ ಬಿಟ್ಟಿಲ್ಲೇನ್ರಿ? ಕ್ರಾಸಿನಾಗ ಒಬ್ಬರೂ ಇಲ್ಲ."

"ಸಾಲಿ ಬಿಟ್ಟು ಮೂರು ತಾಸ ಆತಲ್ಲವ್ವ. ಮೆಸೇಜ್ ಹಾಕಿದ್ದೆನಲ್ಲ?"

"ಯಾವ ಮೆಸೇಜ್ರಿ?" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ನಮ್ಮ ಹುಡುಗಿ ಎಲ್ಲೈತ್ರಿ?"

ಶಿಕ್ಷಕಿಯನ್ನು ಕೇಳಿದೆ. "ಎಣಸೂ ಮುಂದ ಇದ್ಲರಿ. ಒಬ್ಬೊಬ್ಬರ ಬಂದು ಕರಕೊಂಡು ಹ್ವಾದ್ರು. ಕಡೀಕ ಯಾರೂ ಉಳದಿರಲಿಲ್ಲ. ಆಕಿನೂ ಯಾರ ಜೋಡಿನೋ ಹೋಗಿರಬೇಕಂತ..." ತಾಯಿ ಆಗಲೇ ರಸ್ತೆಗೆ ಇಳಿದು ಓಡುತ್ತಿದ್ದಳು.

ನಮ್ಮ ಭಾಗದಲ್ಲಿ ಮಗು ಕಾಣದಿದ್ದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೃಷಿ ಹೊಂಡ. ತೋಟಕ್ಕೆ ಒಂದರಂತೆ ಇವೆ. ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುತ್ತಾರೆ. ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಕ್ರಾಸಿನಿಂದ ಅವರ ವಸ್ತಿಯ ದಾರಿಯಲ್ಲಿ ಅಂಥವು ಮೂರು. ಹುಡುಗಿಯ ತಂದೆ ಮೊದಲನೆಯದಕ್ಕೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದ. ದಂಡೆಯ ಮೇಲೆ ನಿಂತ ತಾಯಿ ಹುಡುಗಿಯ ಹೆಸರು ಹಿಡಿದು ಕೂಗುತ್ತಿದ್ದಳು. ಹಿಂದೆಯೇ ಓಡಿ ಬಂದ ನಾನು ದೂರದಲ್ಲೇ ನಿಂತೆ. ಆ ನೀರಿನಿಂದ ಏನು ಮೇಲೆ ಬರುತ್ತದೋ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಏನೂ ಬರಲಿಲ್ಲ. ಅವರು ಎರಡನೆಯದರ ಕಡೆ ಓಡಿದರು. ನಾನು ಕ್ರಾಸಿಗೆ ಹಿಂತಿರುಗಿದೆ.

ಕ್ರಾಸಿನಲ್ಲಿ ಹಿಟ್ಟಿನ ಗಿರಣಿ ಇದೆ. ಕರೆಂಟಿಲ್ಲದೆ ಗಿರಣಿ ನಿಂತಿತ್ತು, ಅದನ್ನು ನಡೆಸುವ ಮುದುಕಿ ಹೊರಗೆ ಕೂತಿದ್ದಳು. ಕೇಳಿದೆ.

"ನೋಡೀನ್ರಿ. ಗುಲಾಬಿ ಪಾಟಿಚೀಲದ ಹುಡುಗಿ ಅಲ್ಲೇನ್ರಿ? ಹಸಿರ ರೇನ್‌ಕೋಟ ಹಾಕ್ಕೊಂಡಾಂವ ಒಬ್ಬ ಬಂದ, ಬೈಕ್ ಮ್ಯಾಲೆ ಕುಂದರಸ್ಕೊಂಡು ಹ್ವಾದ. ಮಾರಿ ಕಾಣಲಿಲ್ಲ, ಟೊಪ್ಪಿಗಿ ಎಳಕೊಂಡಿದ್ದ."

"ಯಾವ ಕಡೆ?"

"ತಿಕೋಟಾ ಕಡೆ. ವಸ್ತಿ ಕಡೆ ಅಲ್ಲ."

ಗಿರಣಿಯ ಕಟ್ಟೆಗೆ ಕೂತೆ. ಮೂರು ತಾಸಾಗಿದೆ. ಮೂರು ತಾಸಿನಲ್ಲಿ ಒಂದು ಬೈಕು ಮಹಾರಾಷ್ಟ್ರ ಮುಟ್ಟುತ್ತದೆ. ತಾಯಿ ಹೊಂಡದಿಂದ ಬರುವವರೆಗೆ ಹತ್ತು ನಿಮಿಷ ಕಾಯಬಹುದಿತ್ತು. ಶಾಲೆಗೆ ಹೋಗಿ ದಾಖಲೆ ತೆಗೆದು ನೋಡಬಹುದಿತ್ತು. ಜೀವನಪೂರ್ತಿ ಮೊದಲು ಮಾಡುತ್ತಿದ್ದದ್ದು ಅದನ್ನೇ. ಅವತ್ತು ಹಾಳೆ ಇಲ್ಲದೆ, ಗಟ್ಟಿಯಾಗಿ ಓದದೆ, ಒದ್ದೆ ಬೆರಳಿನಿಂದ ನೇರವಾಗಿ ಮೊಬೈಲಿನಲ್ಲಿ ಬರೆದೆ: "ತುರ್ತು. ನಮ್ಮ ಶಾಲೆಯ ಹುಡುಗಿಯನ್ನು ಹಸಿರು ರೇನ್‌ಕೋಟ್ ತೊಟ್ಟ ಅಪರಿಚಿತ ವ್ಯಕ್ತಿ ಬೈಕಿನಲ್ಲಿ ಅಪಹರಿಸಿದ್ದಾನೆ. ಗುಲಾಬಿ ಪಾಟಿಚೀಲ ಇದೆ. ಕಂಡಲ್ಲಿ ತಡೆಯಿರಿ." ಐದು ಗಂಟೆ ಐದು ನಿಮಿಷ. ಅಪರಿಚಿತ ಎಂದು ಮುದುಕಿ ಹೇಳಿರಲಿಲ್ಲ. ಅಪಹರಿಸಿದ ಎಂದೂ ಹೇಳಿರಲಿಲ್ಲ. ಅವೆರಡನ್ನೂ ಸೇರಿಸಿದವಳು ನಾನು.

ಆಮೇಲೆ ಪೊಲೀಸರಿಗೆ ಫೋನು ಮಾಡಿದೆ. ಆ ಕಡೆಯವನು ಮೊದಲು ಕೇಳಿದ್ದೇ, "ಹುಡುಗಿ ಪಾಲಕರ ನಂಬರ್ ಕೊಡ್ರಿ ಅಕ್ಕೋರ." ಶಾಲೆಗೆ ಓಡಿದೆ. ದಾಖಲೆಯಲ್ಲಿ ಹುಡುಗಿಯ ಹೆಸರಿನ ಮುಂದೆ ನಂಬರು ಇತ್ತು. ಅದನ್ನು ಪೊಲೀಸರಿಗೆ ಓದುತ್ತಿರುವಾಗ ತಾಯಿ ಒಳಗೆ ಬಂದಳು. ಮೂರು ಹೊಂಡಗಳಲ್ಲೂ ಏನೂ ಸಿಕ್ಕಿರಲಿಲ್ಲ.

"ಅದು ನಮ್ಮ ನಂಬರ್ ಅಲ್ಲರಿ," ಎಂದಳು. "ನಮ್ಮಣ್ಣಂದು. ನಿಡೋಣಿ ಅಣ್ಣಂದು. ನಮ್ಮ ಮನಿಯವರದು ಸಣ್ಣ ಫೋನ್, ಮೆಸೇಜ್ ಬರಂಗಿಲ್ಲ. ಸಾಲಿಗೆ ಹೆಸರ ಹಚ್ಚೂ ಮುಂದ ನಾನ ಬರಿಸಿದ್ದೆ. ಸಾಲಿದು ಏನಿದ್ರೂ ಅಣ್ಣ ಓದಿ ನಮಗ ಹೇಳ್ತಾನ."

ನಮ್ಮ ಕಡೆಯ ಹೆಣ್ಣುಮಕ್ಕಳು ಕಾಗದ-ಪತ್ರದ ಮಾತು ಬಂದರೆ ತವರಿನ ಅಣ್ಣನ ಹೆಸರನ್ನೇ ಹೇಳುವುದು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಏಳು ವರ್ಷದಲ್ಲಿ ಒಂದು ದಿನವೂ, ಈ ನಂಬರು ಯಾರ ಜೇಬಿನಲ್ಲಿದೆ ಎಂದು ನಾನು ಕೇಳಿರಲಿಲ್ಲ. ನಂಬರಿನಲ್ಲಿ ಹತ್ತು ಅಂಕಿ ಇವೆಯೇ ಎಂದಷ್ಟೇ ನೋಡುತ್ತಿದ್ದೆ.

ಮೊಬೈಲು ತೆಗೆದು ನೋಡಿದೆ. ಮಧ್ಯಾಹ್ನದ ಸಂದೇಶವನ್ನು ಆ ನಂಬರಿನವನು ಹನ್ನೆರಡು ಐವತ್ತೆಂಟಕ್ಕೆ ಓದಿದ್ದ. ಐದು ಗಂಟೆಯದನ್ನು ಓದಿರಲಿಲ್ಲ.

"ನಿಮ್ಮಣ್ಣನ ಹತ್ರ ಹಸಿರ ರೇನ್‌ಕೋಟ ಐತೇನವ್ವ?"

"ಐತ್ರಿ. ಪೈಪಿನ ಕಂಪನಿಯವರು ಪುಕ್ಕಟ ಕೊಟ್ಟದ್ದು. ಯಾಕ್ರಿ?" ಆಮೇಲೆ ಅವಳ ಮುಖ ಅರಳಿತು. "ಅಣ್ಣ ಬಂದಿದ್ನೇನ್ರಿ? ಅಣ್ಣ ಕರಕೊಂಡು ಹೋಗ್ಯಾನೇನು? ಯಪ್ಪಾ, ಉಳದೆ!" ಗೋಡೆಗೆ ಒರಗಿ ಕೂತು, ನೀಲಿ ಕೈಗಳಿಂದ ಮುಖ ಮುಚ್ಚಿಕೊಂಡು ನಗುತ್ತ ಅಳುತ್ತ ಇದ್ದಳು. ನಾನು ಆ ಸಂದೇಶದ ವಿಷಯ ಅವಳಿಗೆ ಹೇಳಬೇಕಿತ್ತು.

ಅವನ ನಂಬರಿಗೆ ಫೋನು ಹಚ್ಚಿದೆ. ವ್ಯಾಪ್ತಿಯಿಂದ ಹೊರಗೆ. ಮತ್ತೆ ಹಚ್ಚಿದೆ. ಐದು ಹತ್ತೊಂಬತ್ತಕ್ಕೆ ಸಂದೇಶ ಅಳಿಸಿದೆ. ಐದು ಇಪ್ಪತ್ತೆರಡಕ್ಕೆ ತಿದ್ದುಪಡಿ ಕಳಿಸಿದೆ: ಹುಡುಗಿ ಸೋದರಮಾವನ ಜೊತೆ ಇರಬಹುದು, ಯಾರೂ ಯಾರನ್ನೂ ತಡೆಯಬಾರದು. ಅಷ್ಟರಲ್ಲಿ ಫೋನು ಒಂದರ ಮೇಲೊಂದು ಬರತೊಡಗಿದವು. ಆ ಮೊದಲನೆಯ ಸಂದೇಶ ನಮ್ಮ ಗ್ರೂಪಿನಿಂದ ಬೀಗರ ಗ್ರೂಪಿಗೆ, ಅಲ್ಲಿಂದ ತೋಟದವರ ಗ್ರೂಪಿಗೆ, ಅಲ್ಲಿಂದ ಎಲ್ಲಿಗೋ ಹೋಗಿಬಿಟ್ಟಿತ್ತು.

"ಅಕ್ಕೋರ, ಯಾಕ ಅಳಿಸಿದ್ರಿ? ಯಾರರೆ ಧಮಕಿ ಹಾಕ್ಯಾರೇನ್ರಿ?"

"ಇಲ್ಲಪ್ಪ, ನಂದ ತಪ್ಪಾಗೇತಿ."

"ನೀವು ತಪ್ಪ ಮಾಡೂದುಂಟೇನ್ರಿ! ಹೇಳಾಕ ಬರದಂಗ ಆಗೇತಿ, ತಿಳೀತು ತಿಳೀತು. ನೀವು ಅಂಜಬ್ಯಾಡ್ರಿ, ನಾವೆಲ್ಲಾ ರಸ್ತಾದಾಗ ನಿಂತೀವಿ."

ಪಕ್ಕದ ವಸ್ತಿಯವನ ಟಂಟಂ ಆಟೋ ಹತ್ತಿ ಹೊರಟೆವು. ತಂದೆ, ತಾಯಿ, ನಾನು. ನಿಡೋಣಿಗೆ ಹೋಗಬೇಕೆಂದರೆ ತಿಕೋಟಾಕ್ಕೆ ಬಂದು ಬಬಲೇಶ್ವರದ ದಾರಿ ಹಿಡಿಯಬೇಕು. ದಾರಿಯುದ್ದಕ್ಕೂ ನಾನು ಆ ನಂಬರು ಒತ್ತುತ್ತಲೇ ಇದ್ದೆ. ಸಂದೇಶದ ವಿಷಯವನ್ನು ತಾಯಿಗೆ ಆಗ ಹೇಳಿದೆ. ಅವಳು ಮುಂದೆ ಬಗ್ಗಿ, "ಜಲ್ದಿ ಹೊಡಿ ಯಪ್ಪಾ, ಜಲ್ದಿ ಹೊಡಿ" ಎಂದು ಟಂಟಂ ನಡೆಸುವವನ ಹೆಗಲು ಬಡಿಯತೊಡಗಿದಳು.

ಬಬಲೇಶ್ವರ ಇನ್ನೂ ದೂರವಿತ್ತು. ಒಂದು ಚಹಾದಂಗಡಿಯ ಮುಂದೆ ಜನ. ಬೈಕೊಂದು ಅಡ್ಡ ಬಿದ್ದಿತ್ತು. ಅದರ ಹಿಡಿಕೆಯಲ್ಲಿದ್ದ ಗುಲಾಬಿ ಪಾಟಿಚೀಲವನ್ನು ಒಬ್ಬ ಎತ್ತಿ ಹಿಡಿದಿದ್ದ. ಮನೆ ಮುಟ್ಟಿದ ಮೇಲೆ ಅದನ್ನು ಇಳಿಸಿಕೊಳ್ಳುವುದನ್ನು ಮಾವ-ಸೊಸೆ ಇಬ್ಬರೂ ಮರೆತಿದ್ದರು, ಅಷ್ಟೆ. ಹುಡುಗಿಯನ್ನು ನಿಡೋಣಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಫೋನು ಹತ್ತದ್ದಕ್ಕೆ ತಂಗಿಗೆ ಸುದ್ದಿ ಹೇಳಿ ಬರಲೆಂದು ಅವನು ಒಬ್ಬನೇ ಹೊರಟಿದ್ದ. ಹಸಿರು ರೇನ್‌ಕೋಟು ಎರಡು ಸೀಳಾಗಿತ್ತು. ನೆಲಕ್ಕೆ ಬಿದ್ದಿದ್ದ ಅವನು ಎದ್ದು ಕೂರಲು ನೋಡುತ್ತಿದ್ದ, ಯಾರೋ ಮತ್ತೆ ಒದ್ದರು.

"ಬಿಡ್ರಿ! ಅಂವ ಹುಡುಗಿ ಸ್ವಾದರಮಾವ!" ಎಂದು ಕೂಗಿದೆ.

"ಯಾರವ್ವ ನೀ?" ಎಂದ ಒಬ್ಬ.

"ಆ ಮೆಸೇಜ್ ಬರದಾಕಿ ನಾನ. ಸುಳ್ಳ ಅದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೈಯೆಲ್ಲ ಕೆಸರು, ಕೂದಲು ಬಿಚ್ಚಿತ್ತು. "ಹೋಗ ಬೇ. ಆ ಅಕ್ಕೋರ ಸುಳ್ಳ ಬರಿಯಂಗಿಲ್ಲ. ನಮ್ಮ ಬೀಗರ ಹುಡುಗರು ಅದ ಸಾಲಿಗೆ ಹೋಗ್ತಾರ, ನಮಗ ಗೊತ್ತೈತಿ."

ತಾಯಿ ಜನರ ಕಾಲುಗಳ ನಡುವೆ ನುಗ್ಗಿ ಅಣ್ಣನ ಮೇಲೆ ಬಿದ್ದಳು. ಒಂದೆರಡು ಏಟು ಅವಳಿಗೂ ಬಿದ್ದವು. ಹೆಂಗಸನ್ನು ಕಂಡು ಕೈಗಳು ನಿಂತವು. ಪೊಲೀಸರ ಜೀಪು ಬಂದಾಗ ಅಲ್ಲಿ ನಾವು ನಾಲ್ಕು ಜನ, ಟಂಟಂ ನಡೆಸುವವನು ಮತ್ತು ಚಹಾದಂಗಡಿಯವನು ಬಿಟ್ಟರೆ ಯಾರೂ ಉಳಿದಿರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಅವನನ್ನು ಹನ್ನೆರಡು ದಿನ ಇಟ್ಟಿದ್ದರು. ಬಲಗೈ ಮುರಿದಿತ್ತು. ಎಡಗಿವಿ ಈಗಲೂ ಕೇಳಿಸುವುದಿಲ್ಲ. ದಿನಾ ಶಾಲೆಗೆ ಹೋಗುವ ಮುಂಚೆ ಏಳು ಗಂಟೆಗೆ ಅಲ್ಲಿಗೆ ಹೋಗುತ್ತಿದ್ದೆ. ನಾಲ್ಕನೆಯ ದಿನ ಅವನು ಮಾತಾಡಿದ.

"ನಿಮ್ಮ ಮೆಸೇಜ್ ಓದೇ ನಾ ಓಡಿ ಬಂದಿದ್ದೆ ಅಕ್ಕೋರ. ಭಾವನ ಫೋನಿಗೆ ಹತ್ತು ಸಲ ಹಚ್ಚಿದೆ, ಎತ್ತಲಿಲ್ಲ. ಔಷಧ ಹೊಡ್ಯಾಕತ್ತಾರ, ಮನ್ಯಾಗ ಯಾರೂ ಇಲ್ಲ, ಸಿಡಿಲ ಬ್ಯಾರೆ. ಹುಡುಗೀನ ಒಬ್ಬಾಕಿನ್ನ ಹ್ಯಾಂಗ ಬಿಡೂದು? ಮನಿಗೆ ಕರಕೊಂಡು ಹ್ವಾದೆ. ಟೀಚರ್ ಬ್ಯಾರೆ ಹುಡುಗರನ್ನ ಕಳಸಾಕತ್ತಿದ್ರು, ನಿಮ್ಮ ಗ್ರೂಪಿನಾಗ ಬರದು ಹೇಳೂಣಂತ ಕ್ರಾಸಿನಾಗ ಫೋನ್ ತಗದಿದ್ದೆ. ಬರಿಯಾಕ ಬರಲಿಲ್ಲ, ಬಂದ್ ಇಟ್ಟೀರಿ." ಆಮೇಲೆ, "ಎರಡನೇದ್ದು ಓದಾಕ ಸಿಗಲಿಲ್ಲ ನೋಡ್ರಿ. ಟವರ್ ಬಂದ್ ಬಿದ್ದಿತ್ತು. ಇಲ್ಲಂದ್ರ ನನ್ನ ನಾನ ಹಿಡಕೊಡ್ತಿದ್ದೆ" ಎಂದು ನಗಲು ಹೋಗಿ, ನೋವಿಗೆ ಕಣ್ಣು ಮುಚ್ಚಿಕೊಂಡ.

ಹೊಡೆದವರಲ್ಲಿ ಮೂವರನ್ನು ಪೊಲೀಸರು ಹಿಡಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ನಾನು ಒಂದು ಪದವನ್ನೂ ಮುಚ್ಚಿಡಲಿಲ್ಲ. ಇಲಾಖೆ ನೋಟಿಸು ಕೊಟ್ಟಿತು, ಉತ್ತರ ಕೊಟ್ಟೆ. ಗ್ರೂಪನ್ನು ಎಲ್ಲರಿಗೂ ತೆರೆದೆ. ಪ್ರತಿಯೊಂದು ವಸ್ತಿಗೂ ನಡೆದು ಹೋಗಿ, ಯಾರ ನಂಬರು ಯಾರ ಜೇಬಿನಲ್ಲಿದೆ ಎಂದು ಕೇಳಿ ಬರೆದುಕೊಂಡೆ. ಇವೆಲ್ಲ ಮಾಡಬಹುದಾದ ಕೆಲಸಗಳು, ಮಾಡಿ ಮುಗಿಸಿದೆ. ಮುಗಿಯದ್ದು ಬೇರೆ ಇತ್ತು.

ಅವನನ್ನು ಹೊಡೆಯುವಾಗ ಯಾರೋ ಫೋಟೋ ತೆಗೆದಿದ್ದರು. ಆ ಫೋಟೋದ ಕೆಳಗೆ ನನ್ನ ಸಂದೇಶವನ್ನು ಅಂಟಿಸಿ ಬಿಟ್ಟಿದ್ದರು. ಈಗ ಅದರಲ್ಲಿ ಅವನ ಮುಖ ಇತ್ತು. ಅವನ ಕೆಲಸ ವಸ್ತಿಯಿಂದ ವಸ್ತಿಗೆ ಹೋಗಿ ಹನಿ ನೀರಾವರಿ ಪೈಪು, ಮೋಟರು ರಿಪೇರಿ ಮಾಡುವುದು. ಗಂಡಸರಿಲ್ಲದ ಹೊತ್ತಿನಲ್ಲೂ ಹೆಂಗಸರು ಬಾಗಿಲು ತೆಗೆದು ಮೋಟರು ತೋರಿಸುವಷ್ಟು ನಂಬಿಕೆ ಇದ್ದರಷ್ಟೇ ನಡೆಯುವ ಕೆಲಸ. ಕೈ ಕೂಡಿದ ಮೇಲೆ ಹೊರಟ. ಮೊದಲನೆಯ ವಸ್ತಿಯಲ್ಲಿ ಮಕ್ಕಳು ಕಿರುಚಿಕೊಂಡು ಒಳಗೆ ಓಡಿದವು. ಎರಡನೆಯದರಲ್ಲಿ ಹಳೆಯ ಪರಿಚಯದವನೇ ದಾರಿಗೆ ಅಡ್ಡ ಬಂದು, "ಅಣ್ಣಾ, ನಿಂದೇನ ತಪ್ಪಿಲ್ಲ, ನಮಗ ಗೊತ್ತೈತಿ. ಆದ್ರ ಹೆಂಗಸರು ಅಂಜತಾರ. ಸ್ವಲ್ಪ ದಿನ ಬರಬ್ಯಾಡ" ಎಂದನಂತೆ.

ನಾನು ಒಂದು ಪುಸ್ತಕ ಮಾಡಿದೆ. ಆ ಸಂದೇಶ ಯಾರ ಮೊಬೈಲಿನಲ್ಲಿ ಕಂಡಿತು, ಯಾವ ಊರು, ಅವರಿಗೆ ಯಾರು ಕಳಿಸಿದರು. ಭಾನುವಾರ ಬಂತೆಂದರೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದೆ. ನಿಡೋಣಿ, ಬಬಲೇಶ್ವರ, ಘೋಣಸಗಿ, ಭೂತನಾಳ. ಬೇರೆ ದಿನ ರಜೆ ಹಾಕಿ ಶಾಲೆಗಳ ಪ್ರಾರ್ಥನೆಯಲ್ಲಿ ಅಪ್ಪಣೆ ಕೇಳಿ ನಿಂತು, ತಿದ್ದುಪಡಿಯನ್ನು ಓದಿದೆ. ಹಾಲಿನ ಡೇರಿಯ ಮುಂದೆ ಓದಿದೆ. ಜನ ಕೇಳುತ್ತಿದ್ದರು, "ಹೌದೇನ್ರಿ? ಪಾಪ" ಎನ್ನುತ್ತಿದ್ದರು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಹೊಸದಾಗಿ ಬರುತ್ತಿತ್ತು, ಹುಡುಗಿಯ ಊರು ಬದಲಾಗಿ, ದಿನ ಬದಲಾಗಿ. ಅಪಹರಿಸಿದ್ದಾನೆ, ಕಂಡಲ್ಲಿ ತಡೆಯಿರಿ ಎಂಬ ನನ್ನ ಮಾತುಗಳು ಮಾತ್ರ ಒಂದಕ್ಷರವೂ ಬದಲಾಗಿರಲಿಲ್ಲ. ಮೇ ತಿಂಗಳಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ನನ್ನ ಶಿಸ್ತಿನ ಬಗ್ಗೆ ಮಾತಾಡಿದರು. ಯಾರ ಮುಖವನ್ನೂ ನೋಡಲಾರದೆ ಕೂತಿದ್ದೆ.

ಕಳೆದ ತಿಂಗಳು ವಿಜಯಪುರದ ಬಸ್ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಮೂರು ವರ್ಷದ ಮಗು. ಮೊಬೈಲು ನೋಡುತ್ತಿದ್ದವಳು ತಟ್ಟನೆ ನನ್ನ ಕಡೆ ಹಿಡಿದಳು. "ನೋಡ್ರಿ ಅಮ್ಮಾರ, ಎಂಥಾ ಕಾಲ ಬಂತು. ಇಂಥವರು ತಿರಗಾಡಾಕತ್ತಾರಂತ."

ಅವನ ಮುಖ. ಕೆಳಗೆ ನನ್ನ ಮಾತು.

"ಇದು ಸುಳ್ಳರಿ," ಎಂದೆ. "ಅಂವ ಕಳ್ಳ ಅಲ್ಲ. ಆ ಹುಡುಗಿ ಸ್ವಾದರಮಾವ. ಮಳಿಯಾಗ ಹುಡುಗೀನ ಮನಿಗೆ ಕರಕೊಂಡು ಹೋಗಿದ್ದ."

"ನಿಮಗ್ಯಾರು ಹೇಳಿದ್ರು?"

"ಇದನ್ನ ಬರದಾಕಿ ನಾನ."

ಅವಳು ನನ್ನ ಮುಖವನ್ನೂ, ಕೈಯಲ್ಲಿದ್ದ ಚೀಲವನ್ನೂ ನೋಡಿದಳು. ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅವಳು ಮಗುವನ್ನು ಎತ್ತಿ ನನ್ನಿಂದ ಆಚೆಯ ಮಗ್ಗುಲಿಗೆ ಕೂರಿಸಿಕೊಂಡಳು. ಆಮೇಲೆ ಎದ್ದು, ಜನ ಹೆಚ್ಚಿದ್ದ ಕಡೆ ಹೋಗಿ ನಿಂತು, ಮೊಬೈಲಿನ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.